ಸಿ ಡ್ರೈವಿನಲ್ಲಿ ಬೀಡುಬಿಟ್ಟ ಬೀಗರಿಗೆ

ಮಾನ್ಯ ಹಳೆಯ ಅಪ್‌ಡೇಟ್ ಫೈಲುಗಳೇ,

ಹಲಸಂಗಿಯಿಂದ ಭಾಗ್ಯಜ್ಯೋತಿ ಮಾಡುವ ಶರಣು ಶರಣಾರ್ಥಿಗಳು. ತಾವು ನಮ್ಮ ಕಂಪ್ಯೂಟರಿನಲ್ಲಿ ಕ್ಷೇಮವಾಗಿದ್ದೀರೆಂದು ಜಾಗ ತುಂಬಿತೆನ್ನುವ ಪರದೆಯ ಮೇಲಿನ ಕೆಂಪು ಪಟ್ಟಿಯೇ ದಿನಾ ಬೆಳಿಗ್ಗೆ ತಿಳಿಸುತ್ತಿರುವುದರಿಂದ ತಮ್ಮ ಯೋಗಕ್ಷೇಮವನ್ನು ಬೇರೆಯಾಗಿ ಕೇಳುವುದಿಲ್ಲ.

ಯುಗಾದಿಯ ಹೊತ್ತಿಗೆ ಹೊಸ ಅಪ್‌ಡೇಟ್ ಬಂದಾಗ, ತಾವು ಹತ್ತು ದಿನವಿದ್ದು ತಾವಾಗಿಯೇ ಹೊರಡುವಿರೆಂದು ಮೈದುನ ಕಲ್ಮೇಶ ಹೇಳಿದ್ದ. ದಸರಾ ಮುಗಿದರೂ ಇಪ್ಪತ್ತಾರು ಜಿಬಿ ಹಾಸಿಕೊಂಡು ಮಲಗಿದ ತಾವು ಮಗ್ಗಲು ಸಹ ಬದಲಿಸಿಲ್ಲ. ಒಂದು ಕೆಲಸವೂ ಇಲ್ಲದೆ ಇಷ್ಟು ಜಾಗ ಹಿಡಿಯುವ ವಿದ್ಯೆ ಎಲ್ಲರಿಗೂ ಒಲಿಯುವುದಲ್ಲ, ಕೈಮುಗಿದೆ.

ತಪ್ಪು ನಮ್ಮದೂ ಇದೆ. ನೆಂಟರು ಬಂದರೆ ಮಂಚ ಅವರಿಗೆ, ಚಾಪೆ ನಮಗೆ ಎನ್ನುವ ಮನೆ ಇದು. ತಮ್ಮನ್ನು ಅಳಿಸಲು ಹೊರಟಾಗ ಅತ್ತೆ ಕಸ್ತೂರೆವ್ವ, "ಬಂದವ್ರಿಗೆ ಹೋಗ್ರಿ ಅನ್ನಬಾರ್ದವಾ, ಮೂಲ್ಯಾಗ ಇರಲಿ ಬಿಡು" ಎಂದುಬಿಟ್ಟರು. ಹೀಗಾಗಿ ನಾನು ಮನೆಯವರನ್ನೇ ಒಬ್ಬೊಬ್ಬರಾಗಿ ಹೊರಗೆ ಕಳಿಸಿದೆ. ನಮ್ಮ ಮದುವೆಯ ವಿಡಿಯೋ, ಮಗಳ ತೊಟ್ಟಿಲ ಫೋಟೋಗಳು ಈಗ ಪೆನ್‌ಡ್ರೈವ್ ಸೇರಿ ಲಿಂಬೆ ಉಪ್ಪಿನಕಾಯಿಯ ಜಾಡಿಯ ಪಕ್ಕದಲ್ಲಿವೆ.

ಅದನ್ನೂ ನುಂಗಿಕೊಂಡೆ. ಆದರೆ ಸೋಮವಾರ ಅತ್ತೆ ಬೀಸುವಾಗ ಹಾಡುವ ಪದಗಳನ್ನು ರೆಕಾರ್ಡ್ ಮಾಡುತ್ತಿದ್ದೆ. ಎಂಬತ್ತೆರಡರ ಅವರಿಗೆ ಬೀಸುಕಲ್ಲು ತಿರುಗಿಸಿದರಷ್ಟೇ ಪದ ನೆನಪಾಗುತ್ತದೆ, ಕೈ ನಿಂತರೆ ಪದವೂ ನಿಲ್ಲುತ್ತದೆ. ತವರಿನ ದಾರಿಯ ಪದ ಅರ್ಧಕ್ಕೆ ಬಂದಿತ್ತು, ಜಾಗ ಸಾಲದೆಂದು ಕಂಪ್ಯೂಟರ್ ಕೈಚೆಲ್ಲಿತು. ಆ ಪದ ಈಗ ಊರಲ್ಲಿ ಅವರೊಬ್ಬರಿಗೇ ಬರುತ್ತದೆ. ಭಾನುವಾರ ಅವರು ನಿಡಗುಂದಿಯ ಮಗಳ ಮನೆಗೆ ಹೊರಡುತ್ತಾರೆ, ಅಲ್ಲಿ ಬೀಸುಕಲ್ಲಿಲ್ಲ. ತಿರುಗಿ ಬರುವಷ್ಟರಲ್ಲಿ ಮರೆತರೆ? ನನಗೆ ನಿಜಕ್ಕೂ ಭಯವಾಗಿದೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಶನಿವಾರದೊಳಗೆ ಎದ್ದು, ಮುಖ ತೊಳೆದು, ಚಹಾ ಕುಡಿದು, ಇಂಡಿ ಊರಿಗೆ ಹೋಗುವ ಟೆಂಪೋ ಹತ್ತಬೇಕೆಂದು ವಿನಂತಿ. ಒಳಗೆ ಸೀಟಿಲ್ಲದಿದ್ದರೆ ಕಲ್ಮೇಶ ಮೇಲೆ ಕೂಡಿಸುತ್ತಾನೆ. ದಾರಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡುತ್ತೇನೆ.

ಇನ್ನೂ ಚಾಪೆಯ ಮೇಲೆಯೇ ಇರುವ
ತಮ್ಮ ವಿಶ್ವಾಸಿ,
ಭಾಗ್ಯಜ್ಯೋತಿ

ತಾ.ಕ.: ಶನಿವಾರದವರೆಗೆ ಕಾದೆ, ತಾವು ಕದಲಲಿಲ್ಲ. ಕೊನೆಗೆ ತಮ್ಮ ಹೆಸರಿನ ಮುಂದೆ ಗುರುತು ಹಾಕಿ ಅಳಿಸಿದೆ, ನೆಂಟರು ಉಂಡೇ ಹೋದರೆಂದು ಅತ್ತೆಗೆ ಸುಳ್ಳು ಹೇಳಿದೆ. ಅವರು ಕಲ್ಲಿಗೆ ಕೂತು ಪದ ಎತ್ತಿಕೊಂಡರು. ಪದದಲ್ಲಿ ತವರು ಕಾಣಿಸುವ ಹೊತ್ತಿಗೆ ಹೊಸ ಅಪ್‌ಡೇಟ್ ಟಣ್ ಎಂದು ಪರದೆಗೆ ಬಂತು. ಯಾರೋ ಬಂದರೆಂದು ತಿಳಿದ ಅತ್ತೆ ಕಲ್ಲು ನಿಲ್ಲಿಸದೆ, "ಕಟ್ಟಿ ಮ್ಯಾಲ ಕುಂದರಲಿ, ಪದ ಮುಗೀಲಿ" ಎಂದರು. ಪದ ಪೂರ್ತಿ ಸಿಕ್ಕಿತು. ನಡುವಿನ ಆ ಮಾತೂ ರೆಕಾರ್ಡಾಗಿದೆ, ಅದನ್ನು ಅಳಿಸುವುದಿಲ್ಲ.