ಮಾವನವರಿಗೊಂದು ಪ್ಲೇಯರ್

ನಮ್ಮ ಮನೆಯಲ್ಲಿ ನನ್ನ ಸ್ಥಾನಮಾನ ಏನೆಂದು ಮಾತ್ರ ಕೇಳಬೇಡಿ. ಹೊಸ ಸ್ಮಾರ್ಟ್ ಟಿವಿಗೆ ನಡುಮನೆಯ ಗೋಡೆ, ಅತ್ತೆಯವರಿಗೆ ಒಲೆಯ ಪಕ್ಕ (ನಮ್ಮ ಬಂದರೂರು ಕುಶಿರೊದ ಮಂಜಿಗೆ ಬೇಸಿಗೆಯಲ್ಲೂ ಒಲೆ ಬೇಕು), ನನಗೆ ಬಾಗಿಲ ಸಂದಿಯಿಂದ ಗಾಳಿ ನುಗ್ಗುವ ಮೂಲೆ.

ಮಾವನವರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಬಂದರಿನ ಬೀದಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದವರು; ಕತ್ತರಿಗಿಂತ ಬಾಯಿ ಹರಿತ. ಅವರು ಹೋದ ಮೇಲೆ ಅತ್ತೆ ಮಾತೇ ಬಿಟ್ಟರು. ಬೆಳಿಗ್ಗೆ ಅವರ ಫೋಟೋದ ಮುಂದೆ ಅನ್ನ ಇಟ್ಟು, ಗಂಟೆ ತಟ್ಟಿ ಒಲೆಯ ಪಕ್ಕ ಕೂತರೆ ಕತ್ತಲಾಗುವವರೆಗೂ ಅಲ್ಲೇ. ಉಣ್ಣುವುದು ಕೂಡ ಉಪಕಾರಕ್ಕೆಂಬಂತೆ.

ಮಾವನವರು ಜೀವಮಾನವೆಲ್ಲ ತೆಗೆದ, ತೆಗೆಸಿದ ವಿಡಿಯೋಗಳು ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು. ವರ್ಷದ ಪೂಜೆಗೆ ನೆಂಟರು ಬಂದಾಗ ಅವನ್ನು ಟಿವಿಯಲ್ಲಿ ತೋರಿಸಿ ಅತ್ತೆಯವರ ಮುಖದಲ್ಲಿ ಒಂದಿಷ್ಟು ಕಳೆ ತರುವೆನೆಂದು ನಾನು ಘನಘೋರ ಶಪಥ ಮಾಡಿದೆ.

"ಟಿವಿ ಅಂಗಡಿಯವರನ್ನ ಕರೀರಿ," ಎಂದಳು ನನ್ನ ಹೆಂಡತಿ ಮಿಸುಝು.

"ಯಾಕೆ, ನಾನಿಲ್ವಾ?"

"ಅದಕ್ಕೇ ಹೇಳಿದ್ದು."

ವಿಡಿಯೋ ಓಡಿಸಲು ಟಿವಿಗೆ ಮೊದಲು ಹಾಕಿದ ಪ್ಲೇಯರ್ ಆ್ಯಪಿಗೆ ಸರ್ವರ್ ಬೇಕಿತ್ತು. ಅಂದರೆ, ಟಿವಿಗೆ ವಿಡಿಯೋ ಬಡಿಸಲು ಇನ್ನೊಂದು ಕಂಪ್ಯೂಟರ್ ಸದಾ ಓಡುತ್ತಿರಬೇಕು. ನಮ್ಮ ಹಳೆಯ ಕಂಪ್ಯೂಟರನ್ನು ಮಾವನವರ ಫೋಟೋದ ಕೆಳಗೆ ಸ್ಥಾಪಿಸಿದೆ. ಅದರ ಫ್ಯಾನು ಬುಸುಗುಟ್ಟತೊಡಗಿತು. ಅತ್ತೆ ತಲೆಯೆತ್ತಿ ಕೇಳಿಸಿಕೊಂಡರು.

"ಥೇಟ್ ಅವರ ಗೊರಕೆ," ಎಂದು ಅಳತೊಡಗಿದರು.

ಕಂಪ್ಯೂಟರ್ ಅಟ್ಟ ಸೇರಿತು. "ಇನ್ನು ಸರ್ವರ್ ಇಲ್ಲದ ಪ್ಲೇಯರೇ ಗತಿ. ಡಿಸ್ಕನ್ನ ಟಿವಿಗೇ ಚುಚ್ಚಿದ್ರೆ ಎಲ್ಲಾ ಅದೇ ನೋಡ್ಕೊಳ್ಳುತ್ತೆ," ಎಂದೆ.

"ಸರ್ವರ್ ಇಲ್ಲ ಅಂದ್ರೆ ನಾವೇ ತಟ್ಟೆ ಹಿಡ್ಕೊಂಡು ನಿಲ್ಬೇಕಾ?" ಎಂದಳು ಮಿಸುಝು. ಅಪ್ಪನ ನಾಲಗೆ ಅವಳಿಗೆ ಆಸ್ತಿಯ ಜೊತೆಗೇ ಬಂದಿದೆ (ಆಸ್ತಿ ಇನ್ನೂ ಬಂದಿಲ್ಲ).

ಎರಡನೆಯ ಪ್ಲೇಯರ್ ಚಿತ್ರ ತೋರಿಸಿತು, ಧ್ವನಿ ಕೊಡಲಿಲ್ಲ. ಹಳೆಯ ಕ್ಯಾಮೆರಾದ ಧ್ವನಿ ಅದಕ್ಕೆ ಅರ್ಥವಾಗುವುದಿಲ್ಲವಂತೆ. ಮಾವನವರು ಪರದೆಯ ಮೇಲೆ ಮೀನಿನಂತೆ ಬಾಯಿ ಬಿಟ್ಟು ಮುಚ್ಚಿದರು. ಅತ್ತೆ ನೋಡಿ ನೋಡಿ ಎದ್ದು ಒಳಗೆ ಹೋದರು. ಅವರ ಹಿಂದೆಯೇ ಹೋದ ಮಿಸುಝು ಹೊರಬಂದಾಗ ಕಣ್ಣು ಕೆಂಪಾಗಿತ್ತು. "ಇನ್ನೊಂದ್ಸಲ ಅಪ್ಪನ್ನ ಸಾಯಿಸ್ಬೇಡಿ," ಎಂದಳಷ್ಟೆ. ಆವತ್ತು ನನಗೂ ಊಟ ಸೇರಲಿಲ್ಲ.

ಮೂರನೆಯದು ಮಹಾಮೇಧಾವಿ. ವಿಡಿಯೋಗಳ ಹೆಸರು ಓದಿ, ತಾನೇ ಇಂಟರ್ನೆಟ್ಟಿನಿಂದ ಸಿನಿಮಾ ಪೋಸ್ಟರು ತಂದು ಅಂಟಿಸಿಬಿಟ್ಟಿತು. ಮಾವನವರ 'ಸಮುದ್ರಸ್ನಾನ'ಕ್ಕೆ ಬಾಯಿ ತೆರೆದ ಶಾರ್ಕ್. 'ಮಿಸುಝು ಮದುವೆ'ಗೆ ರಕ್ತ ಸುರಿಯುವ ಕೊಡಲಿ.

"ಇದೊಂದನ್ನ ಸರಿಯಾಗಿ ಅಂಟಿಸಿದೆ," ಎಂದಳು ಮಿಸುಝು.

ಆದರೆ ಅದರಲ್ಲಿ ಧ್ವನಿಯಿತ್ತು! ಪೋಸ್ಟರು ಕಿತ್ತುಹಾಕುವ ಗುಂಡಿಯನ್ನು ಹುಡುಕಿ ಹುಡುಕಿ ಕೊನೆಗೂ ಒತ್ತಿದೆ. ಇದನ್ನೇ ಇಟ್ಟುಕೊಂಡೆವು.

ಪೂಜೆಯ ದಿನ ಬಂತು. ಕಿಟಕಿಯಾಚೆ ಮಂಜು, ಒಳಗೆ ಕಪ್ಪು ಬಟ್ಟೆಯ ನೆಂಟರು. ಭಿಕ್ಷುಗಳು ಮಂತ್ರ ಹೇಳಿ ಹೊರಟ ಮೇಲೆ ಎಲ್ಲರೂ ಊಟದ ಡಬ್ಬಿ ಬಿಚ್ಚಿಕೊಂಡು ಕೂತರು. ಅತ್ತೆಯವರ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, ಕೈಗೆ ಸಿಕ್ಕ ಒಂದು ವಿಡಿಯೋ ಹಚ್ಚಿದೆ.

ಕ್ಷೌರದಂಗಡಿ. ಕುರ್ಚಿಯಲ್ಲಿ ಒರಗಿ, ಮುಖದ ಮೇಲೆ ಬಿಸಿ ಟವೆಲ್ ಹೊದ್ದು ನಿದ್ದೆ ಹೋಗಿರುವ ಒಬ್ಬ ತರುಣ. ಕತ್ತರಿ ಹಿಡಿದ ಮಾವನವರು ಕ್ಯಾಮೆರಾ ಕಡೆ ಬಾಗಿ ಪಿಸುಗುಟ್ಟಿದರು:

"ನೋಡೇ, ನಮ್ಮ ಹುಡುಗಿ ಇವನನ್ನೇ ಮದ್ವೆ ಆಗ್ತಾಳಂತೆ. ತಲೆ ಪೂರ್ತಿ ತಡಕಿ ನೋಡ್ದೆ. ಹೊರಗೆ ಕೂದ್ಲಿದೆ, ಒಳಗೆ ಏನೂ ಸಿಗ್ಲಿಲ್ಲ. ಬೇಡ ಅಂದ್ಬಿಡ್ಲಾ?"

ಕ್ಯಾಮೆರಾದ ಹಿಂದಿನಿಂದ ಕಿಸಕ್ಕೆಂದು ನಗುವ ಹೆಣ್ಣುದನಿ: "ಪಾಪ, ಇರ್ಲಿ ಬಿಡಿ."

ನೆಂಟರ ಕಣ್ಣೆಲ್ಲ ನನ್ನ ತಲೆಯತ್ತ ತಿರುಗಿದವು. ನಾನು ರಿಮೋಟ್ ತಡಕಾಡಿದೆ. ಅಷ್ಟರಲ್ಲಿ ಒಲೆಯ ಪಕ್ಕದಿಂದ ಅದೇ ಕಿಸಕ್ಕೆಂಬ ನಗು ಕೇಳಿಸಿತು. ವಯಸ್ಸಾಗಿ ಸ್ವಲ್ಪ ಒಡೆದಿತ್ತು, ಅಷ್ಟೆ. ಅತ್ತೆ ಟಿವಿಯ ಹತ್ತಿರಕ್ಕೆ ಮೊಣಕಾಲಲ್ಲೇ ಸರಿದು ಹೋಗಿ, ಗಂಡನಿಗೆ ಹೇಳಿದರು:

"ಆವತ್ತೇ ನಿಮ್ಮ ಮಾತು ಕೇಳ್ಬೇಕಿತ್ತು ರೀ."

ಮನೆಯೆಲ್ಲ ಗೊಳ್ಳೆಂದಿತು. ಮಿಸುಝು ನೆಲಕ್ಕೆ ಬಿದ್ದು ನಕ್ಕಳು. ಅತ್ತೆ ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಇನ್ನೊಂದ್ಸಲ ಹಾಕಪ್ಪಾ."

ಏನು ಮಾಡಲಿ? ನನ್ನ ತಲೆಯನ್ನು ಮತ್ತೆ ಮಾವನವರ ಕೈಗೆ ಒಪ್ಪಿಸಿದೆ.