ಕೇಸರಿಬಾತ್ ಶಪಥ

ಪರದೆಗಳೇ ಪ್ರಭುಗಳಾಗಿ, ಬೆರಳತುದಿಗಳೇ ಬಾಣಗಳಾಗಿ ಮೆರೆಯುತ್ತಿದ್ದ ಘೋರ ಕಲಿಯುಗದ ಒಂದು ಭಾನುವಾರ ಬೆಳಗ್ಗೆ, ಮೈಸೂರಿನ ಶೇಷಗಿರಿ ಉಪಾಹಾರ ಮಂದಿರದ ಮೂಲೆಮೇಜಿನಲ್ಲಿ, ಲ್ಯಾಪ್‌ಟಾಪಾಯುಧಧಾರಿಣಿ, ದೋಷಕುಲಸಂಹಾರಿಣಿ, ಫಿಲ್ಟರ್‌ಕಾಫಿಪಾನಪ್ರಚಂಡೆ ವಿದ್ಯುಲ್ಲತೆ ವಿರಾಜಮಾನಳಾಗಿದ್ದಳು. ಆಕೆಯ ಗುಣಗಾನಕ್ಕೆ ನನ್ನ ನಾಲಗೆ ಸಾಲದು. ಆದರೂ ಹೇಳಲು ಕೂತಮೇಲೆ ಹೇಳದೆ ಗತಿಯಿಲ್ಲ.

ಗೋಡೆಯ ಮೇಲಿನ ತಿಂಡಿಪರದೆ ಆಕೆಯ ಚೊಚ್ಚಲ ಕೃತಿ. ಇಡ್ಲಿ, ವಡೆ, ದೋಸೆ ಎಂದು ಒಂದೊಂದೇ ಹೆಸರು ಮೂಡಿಸುತ್ತಾ ಬಂದ ಅದು, ಉಪ್ಪಿಟ್ಟಾದ ಮೇಲೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಮುಂದಿನ ಕೇಸರಿಬಾತಿನ ಸರದಿ ಬರಲೇ ಇಲ್ಲ. ಕೇಸರಿಬಾತಿನ ಪಾತ್ರೆ ಕೇಳುವವರಿಲ್ಲದೆ ಒಳಗೆ ಹಬೆಯಾಡುತ್ತಿತ್ತು.

ಮಾಲೀಕ ಶೇಷಗಿರಿಯಪ್ಪನವರು ಗಲ್ಲಾದಿಂದ ಗುಡುಗಿದರು: "ಏನಮ್ಮಾ ಇದು? ಇವತ್ತು ಸರಿ ಹೋಗ್ಲಿಲ್ವೋ, ನಿನ್ ಪರದೆ ಕಿತ್ತಾಕಿ ನನ್ ಸೀಮೆಸುಣ್ಣದ ಹಲಗೇನೇ ನೇತಾಕ್ತೀನಿ!"

ವಿದ್ಯುಲ್ಲತೆ ಕುರ್ಚಿ ಕಿರ್ರೆನ್ನುವಂತೆ ಎದ್ದು ನಿಂತು ಘರ್ಜಿಸಿದಳು: "ಕೇಳಿ ಯಜಮಾನ್ರೇ! ಆ ಪರದೇಲಿ ಕೇಸರಿಬಾತ್ ಬೆಳಗೋವರೆಗೂ ನಾನು ಒಂದು ತುತ್ತು ಮುಟ್ಟಲ್ಲ. ಗೆದ್ದ ಮೇಲೆ ಅದೇ ಕೇಸರಿಬಾತ್ ತಿಂದು ಮನೆಗೆ ಹೋಗೋದು! ನನ್ನ ಲೂಪ್ ತಡೆಯೋ ಗಂಡು ಇನ್ನೂ ಹುಟ್ಟಿಲ್ಲ!"

"ಮತ್ತೆ ಈಗ ತಡೆದಿರೋದು ಯಾರಮ್ಮಾ?" ಎಂದರು ಮಾಲೀಕರು.

ವೀರಾಂಗನೆ ಲ್ಯಾಪ್‌ಟಾಪಿನೊಳಗಿನ ಕೋಡ್ ಎಂಬ ರಣರಂಗಕ್ಕೆ ಧುಮುಕಿದಳು. ಅಲ್ಲಿ ತಿಂಡಿಗಳೆಲ್ಲ ಎನಮ್ ಎಂಬ ದುರ್ಭೇದ್ಯ ದುರ್ಗದಲ್ಲಿದ್ದವು. ಹೆಸರು ಬರೆಸಿದ ತಿಂಡಿಗೆ ಮಾತ್ರ ಅಲ್ಲಿ ಜಾಗ, ಒಂದೊಂದಕ್ಕೂ ಒಂದು ಸಂಖ್ಯೆ. ಬಾಗಿಲಲ್ಲಿ ಕಂಪೈಲರ್ ಎಂಬ ಕಾವಲುಭಟ ಬಂದವರ ಜಾತಕವನ್ನೆಲ್ಲ ಕೇಳುತ್ತಿದ್ದ. ತಿಂಡಿಗಳನ್ನು ಸರದಿಯಂತೆ ಪರದೆಗೆ ಕರೆತರುವ ಆಕೆಯ ಲೂಪ್ ಮಾತ್ರ ಹೆಸರು ಹಿಡಿದು ಕರೆಯದೆ, ಒಂದು, ಎರಡು ಎಂದು ಎಣಿಸುತ್ತಾ, ಪ್ರತಿ ಸಂಖ್ಯೆಗೂ "ಇದೂ ತಿಂಡಿನೇ, ನನ್ನಾಣೆ" ಎಂದು ಭಟನ ಬಾಯಿ ಮುಚ್ಚಿಸಿ ನುಗ್ಗುತ್ತಿತ್ತು. ಏಳು ಉಪ್ಪಿಟ್ಟು. ಒಂಬತ್ತು ಕೇಸರಿಬಾತ್. ಎಂಟು? ಅಯ್ಯೋ ದೇವರೇ, ಎಂಟು ಇಲ್ಲವೇ ಇಲ್ಲ! ಅದು ಶನಿಯ ಸಂಖ್ಯೆ, ನನ್ನ ಯಾವ ತಿಂಡಿಗೂ ಕೂಡದು ಎಂದು ಪಟ್ಟಿ ಮಾಡುವಾಗಲೇ ಪಟ್ಟು ಹಿಡಿದವರು ಮಾಲೀಕರು. ಸರಿಯೆಂದು ತಲೆಯಾಡಿಸಿ, ಆಮೇಲೆ ಎಣಿಸುವ ಲೂಪ್ ಬರೆದವಳು ತಾನೇ. ಇಲ್ಲದ ತಿಂಡಿಯನ್ನು ಕರೆದು ಪರದೆ ಪ್ರಜ್ಞೆ ತಪ್ಪಿತ್ತು. ನಾಚಿಕೆಯಿಂದ ಅವಳ ಕಿವಿ ಕೆಂಪಾಯಿತು.

"ಯಜಮಾನ್ರೇ, ಎಂಟನ್ನ ಕೇಸರಿಬಾತ್‌ಗೆ ಕೊಟ್ಬಿಡ್ಲಾ?"

"ರಾಮ ರಾಮ! ಬೆಳ್‌ಬೆಳಗ್ಗೆ ಶನಿ ಸುದ್ದಿ ಎತ್ತಬೇಡ!"

ಆಗ ಆ ಮಹಾತಾಯಿ ಲಟಲಟನೆ ಬೆರಳು ಮುರಿದು, ಹುಸಿ ಆಣೆಯನ್ನು ಅಳಿಸಿ, ಎಣಿಕೆಯನ್ನು ಕಿತ್ತೊಗೆದು, ದುರ್ಗವೇ ತನ್ನೊಳಗಿನ ತಿಂಡಿಗಳನ್ನು ಹೆಸರು ಹಿಡಿದು ಒಂದೊಂದಾಗಿ ಕಳಿಸಲಿ ಎಂದು ಆಜ್ಞಾಪಿಸಿದಳು. ಇನ್ನು ಇಲ್ಲದ್ದನ್ನು ಕರೆಯುವ ಪ್ರಮೇಯವಿಲ್ಲ. ನಾಳೆ ಹೊಸ ತಿಂಡಿ ಬಂದರೂ ತಾನಾಗಿ ಸಾಲಿಗೆ ಸೇರುತ್ತದೆ. ಭಟ ಗೊಣಗದೆ ದಾರಿ ಬಿಟ್ಟ. ಪರದೆ ಝಗ್ಗೆಂದಿತು, ಉಪ್ಪಿಟ್ಟಿನ ಹಿಂದೆಯೇ ಕೇಸರಿಬಾತ್ ಮೂಡಿತು! "ಓಹೋ, ಕೇಸರಿಬಾತ್ ಇದೆಯಾ?" ಎಂದು ಜನ ಗಲ್ಲಾ ಮುತ್ತಿದರು.

ಇಷ್ಟು ಮಾಡಿ ಕೋಡಿನಲ್ಲಿ ಬದಲಾದದ್ದು ಒಂದೇ ಸಾಲು.

ವಿಜಯಿ ವಿದ್ಯುಲ್ಲತೆ ಲ್ಯಾಪ್‌ಟಾಪ್ ಮಡಚಿ, ಜನ ಕರಗಿದ ಮೇಲೆ ಗಂಭೀರವಾಗಿ ನಡೆದುಬಂದಳು. "ಒಂದು ಕೇಸರಿಬಾತ್."

ಮಾಲೀಕರು ಒಳಗೆ ಇಣುಕಿದರು. "ಖಾಲಿ ಆಯ್ತಲ್ಲಮ್ಮಾ! ನಿನ್ ಪರದೆ ನೋಡ್ಕೊಂಡು ಎಲ್ಲಾ ತಗೊಂಡೋದ್ರು. ಹಲಗೆ ನೇತಾಕಲ್ಲ ಬಿಡು, ಗೆದ್ದೆ ನೀನು. ಉಪ್ಪಿಟ್ಟಿದೆ, ಕೊಡ್ಲಾ?"

ಪರದೆಯ ಮೇಲೆ ಕೇಸರಿಬಾತ್ ಇನ್ನೂ ಝಗಝಗಿಸುತ್ತಿತ್ತು. ಅವಳು ಅದನ್ನೇ ಒಂದು ಗಳಿಗೆ ನೋಡಿದಳು.

"ಚಟ್ನಿ ಜಾಸ್ತಿ ಹಾಕ್ಸಿ," ಎಂದಳು.