ಗೂಡ್ಸ್, ಪ್ಯಾಸೆಂಜರ್, ಟ್ರಾಲಿ ಮತ್ತು ಮುನ್ನೂರು ಆತ್ಮಗಳು

ಅತ್ತೆಯನ್ನು ಕಣ್ಣು ವಾಸಿಯಾಗುವವರೆಗೆ ನಮ್ಮ ಮನೆಯಿಂದ ಅಲುಗಾಡದಂತೆ ಕೂರಿಸುವ ಹೊಣೆ ನನ್ನದು ಎಂದು ನಾನು ಘೋಷಿಸಿಬಿಟ್ಟೆ. ಘೋಷಿಸುವುದೇ ನನ್ನ ಕಸುಬು. ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ "ದಯವಿಟ್ಟು ಗಮನಿಸಿ" ಎನ್ನುವ ಆ ಗಂಭೀರ ಕಂಠ ನನ್ನದು. ತಡವಾಗಿ ಬಂದ ರೈಲನ್ನು ಜನ ಕ್ಷಮಿಸುವುದು ಈ ಕಂಠಕ್ಕೆ ಮರುಳಾಗಿ ಎಂಬುದು ನನ್ನ ಖಾಸಗಿ ನಂಬಿಕೆ!

ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಬಗ್ಗಬೇಡಿ, ಭಾರ ಎತ್ತಬೇಡಿ, ಆದಷ್ಟು ಕಣ್ಣು ಮುಚ್ಚಿಕೊಂಡು ಮಲಗಿ, ಹೊಲಿಗೆಯ ಮಾತಂತೂ ಎತ್ತಲೇಬೇಡಿ ಎಂದಿದ್ದರು ಡಾಕ್ಟರು. ಅತ್ತೆಯೋ ತಮ್ಮ ಊರಲ್ಲಿ ಹೊಲಿಗೆ ತರಗತಿ ನಡೆಸುವವರು. ಮಿಷನ್ನಿನ ಸದ್ದು ಕೇಳದೆ ಅವರಿಗೆ ಬೆಳಗಾಗುವುದೇ ಇಲ್ಲ. ಬಂದ ವಾರದೊಳಗೆ, "ನಾನು ಹೊರಡ್ತೀನಿ" ಎಂದು ರಾಗ ತೆಗೆದರು.

"ಅಮ್ಮ ಹೋದ ತಕ್ಷಣ ಸೂಜಿಗೆ ದಾರ ಪೋಣಿಸ್ತಾಳೆ ರೀ. ಇರೋ ಕಣ್ಣೂ ಹೋಗತ್ತೆ" ಎಂದಳು ನನ್ನ ಹೆಂಡತಿ. ಅವಳ ದನಿ ಒದ್ದೆಯಾಗಿತ್ತು.

"ಯಾಕೆ ಹೆದರ್ತೀಯ? ಒಂದು ರಷ್ಯನ್ ಕಾದಂಬರಿ ಓದಿ ಹೇಳ್ತೀನಿ. ಅದು ಮುಗಿಯೋ ಹೊತ್ತಿಗೆ ಈ ಕಣ್ಣು ವಾಸಿಯಾಗಿ ಇನ್ನೊಂದಕ್ಕೆ ಪೊರೆ ಬಂದಿರತ್ತೆ!"

"ನೀವು ರಷ್ಯನ್ ಕಾದಂಬರಿ ಓದಿದ್ದೀರಾ?"

"ಏನಂದುಕೊಂಡೆ ನನ್ನನ್ನ? ಸ್ಟೇಷನ್ನಿನಲ್ಲಿ ಎಲ್ಲರಿಗೂ ನಾನೇ ಶಿಫಾರಸು ಮಾಡೋದು!"

ಶಿಫಾರಸು ಮಾಡುತ್ತಿದ್ದುದು ನಿಜ. ಓದಿದ್ದೀರಾ ಎಂದು ಸ್ಟೇಷನ್ನಿನಲ್ಲಿ ಯಾರೂ ಕೇಳಿರಲಿಲ್ಲ, ಅಷ್ಟೆ.

ಹೆಂಡತಿ ಕೆಲಸ ಮಾಡುವುದು ಗ್ರಂಥಾಲಯದಲ್ಲಿ. ಸಂಜೆ ಎರಡು ಪುಸ್ತಕ ತಂದಳು. ಒಂದು ದಿಂಬಿನಷ್ಟು ದಪ್ಪದ ಕಾದಂಬರಿ, ಕನ್ನಡಕ್ಕೆ ಬಂದದ್ದು. ಇನ್ನೊಂದು ತೆಳ್ಳನೆಯ ರಷ್ಯಾ ಇತಿಹಾಸ.

"ಮೊದಲು ಈ ಸಣ್ಣದನ್ನ ಓದಿ. ಆಗ ಅಲ್ಲಿ ಜನ ಹೇಗೆ ಬದುಕ್ತಿದ್ರು ಅಂತ ಗೊತ್ತಾದ್ರೆ ಕಾದಂಬರಿ ತಾನಾಗೇ ಬಾಯಿ ಬಿಡತ್ತೆ."

"ಕತೆ ಕೇಳೋಕೆ ಇತಿಹಾಸ ಯಾಕೆ?" ಎಂದು ನಕ್ಕು, ಸಣ್ಣ ಪುಸ್ತಕವನ್ನು ಅಲುಗಾಡುತ್ತಿದ್ದ ಟೀಪಾಯಿಯ ಕಾಲಡಿಗೆ ಕೊಟ್ಟೆ. ಟೀಪಾಯಿ ಕೂಡಲೇ ಸುಮ್ಮನಾಯಿತು. ಇತಿಹಾಸದ ಉಪಯೋಗ ಎಂದರೆ ಇದು!

ನನಗೆ ಸಂಜೆ ಪಾಳಿ. ಬೆಳಗ್ಗೆ ಹೆಂಡತಿ ಹೊರಟ ಮೇಲೆ ಮಂಚದ ಪಕ್ಕ ಕುರ್ಚಿ ಎಳೆದು, ಗಂಟಲು ಸರಿಮಾಡಿ ಶುರುಮಾಡಿದೆ. ಮೊದಲ ಪುಟದಲ್ಲೇ ಅಪಘಾತ! ಒಂದೊಂದು ಹೆಸರೂ ಪ್ಲಾಟ್‌ಫಾರಂ ಉದ್ದಕ್ಕೆ ನಿಂತಿತ್ತು. ಅರ್ಧ ದಾಟುವಷ್ಟರಲ್ಲಿ ನಾಲಿಗೆ ಹಳಿ ತಪ್ಪಿತು.

ನಾನೇನು ಸಾಮಾನ್ಯನೇ? ಎಲ್ಲರಿಗೂ ಅಲ್ಲೇ ಮರುನಾಮಕರಣ ಮಾಡಿದೆ. ಅತಿ ಉದ್ದದ ಹೆಸರಿನ ಸೈನಿಕ ಅಧಿಕಾರಿ 'ಗೂಡ್ಸ್'. ಮಧ್ಯಮ ಉದ್ದದವನು 'ಪ್ಯಾಸೆಂಜರ್'. ಎರಡೇ ಅಕ್ಷರದವನು 'ಟ್ರಾಲಿ'. ನಾಯಕಿ ಬೆಳಗ್ಗೆ ಗೂಡ್ಸ್‌ಗೆ ಪತ್ರ ಬರೆದಳು, ಮಧ್ಯಾಹ್ನ ಪ್ಯಾಸೆಂಜರ್ ಜೊತೆ ತೋಟದಲ್ಲಿ ಅಡ್ಡಾಡಿದಳು, ಸಂಜೆ ಟ್ರಾಲಿಗಾಗಿ ಕಿಟಕಿಯಲ್ಲಿ ಕಾದಳು.

"ಏನು ಅಳಿಯಂದಿರೇ, ಈ ಹುಡುಗಿಗೆ ಬೇರೆ ಕೆಲಸ ಇಲ್ವಾ?"

"ದೊಡ್ಡ ದೇಶ ಅತ್ತೆ. ಮನಸ್ಸೂ ದೊಡ್ಡದು!"

ಅತ್ತೆಗೆ ರುಚಿ ಹತ್ತಿತು. ಊರಿನ ಮಾತು ನಿಂತಿತು. "ಮುಂದೆ?" ಎನ್ನುತ್ತಾ ಕಾಫಿ ಆರಿಸಿಬಿಡುತ್ತಿದ್ದರು. ಹೆಂಡತಿ ಸಂಜೆ ಬಾಗಿಲಲ್ಲಿ ನನ್ನ ಭುಜ ಮುಟ್ಟಿ, "ಥ್ಯಾಂಕ್ಸ್ ರೀ" ಎಂದಳು. ಮದುವೆಯಾದ ಮೇಲೆ ಆ ಪದವನ್ನು ನಾನು ಕೇಳಿದ್ದು ಅಪರೂಪ. ನನ್ನ ಎದೆ ಎರಡು ಅಂಗುಲ ಉಬ್ಬಿತು!

ಅಷ್ಟರಲ್ಲಿ ಒಂದು ಸಾಲು ಅಡ್ಡ ಬಂತು: 'ಆ ಜಮೀನ್ದಾರನ ಬಳಿ ಮುನ್ನೂರು ಆತ್ಮಗಳಿದ್ದವು.'

ಅತ್ತೆ ದಿಂಬಿನಿಂದ ತಲೆ ಎತ್ತಿದರು. "ಮುನ್ನೂರು ಏನು?"

"ಆತ್ಮಗಳು ಅತ್ತೆ. ಅಂದ್ರೆ... ದೆವ್ವ. ಹಳೇ ಬಂಗಲೆ ನೋಡಿ."

"ಅಷ್ಟೊಂದಾ! ಮುಂದೆ?"

'ಸಾಲ ತೀರಿಸಲು ಅವುಗಳಲ್ಲಿ ಕೆಲವನ್ನು ಮಾರಿದನು' ಎಂದಿತ್ತು.

"ದೆವ್ವಾನ ಯಾರಾದ್ರೂ ಮಾರ್ತಾರಾ?"

"ಚಳಿ ದೇಶದಲ್ಲಿ ಎಲ್ಲಾ ಮಾರ್ತಾರೆ!"

ಮರುದಿನ ದ್ವಂದ್ವಯುದ್ಧ. ಹಿಮದ ಬಯಲು, ಎರಡು ಪಿಸ್ತೂಲು. ಗುಂಡು ಪ್ಯಾಸೆಂಜರನ ಎಡತೋಳನ್ನು ಹರಿದು ಹೋಯಿತು. ಅವನು ಹಿಮದ ಮೇಲೆ ಬಿದ್ದ. ಬಿಳಿಯ ಮೇಲೆ ಕೆಂಪು ಮೆಲ್ಲನೆ ಹರಡಿತು. ನನ್ನ ಕಂಠಕ್ಕೆ ಇಷ್ಟು ಸಾಕೇ? "ದಯವಿಟ್ಟು ಗಮನಿಸಿ! ಪ್ಯಾಸೆಂಜರ್ ಇನ್ನಿಲ್ಲ!" ಎಂದು ನನ್ನ ಕೈಯಿಂದಲೇ ಒಂದು ಸಾವು ಸೇರಿಸಿದೆ. ಅತ್ತೆ ದಿನವಿಡೀ ಮಂಕಾಗಿದ್ದರು.

ಅದರ ಮಾರನೆಯ ದಿನ ಟ್ರಾಲಿ ಉಪಾಹಾರಕ್ಕೆ ಬಂದು ಬ್ರೆಡ್ಡಿಗೆ ಬೆಣ್ಣೆ ಹಚ್ಚಿದ. ಎಡತೋಳಿಗೆ ಬ್ಯಾಂಡೇಜು.

"ಯಾವ ತೋಳು ಅಂದ್ರಿ?"

"ಎಡ ಅತ್ತೆ."

"ಗುಂಡು ಹರಿದದ್ದು ಪ್ಯಾಸೆಂಜರನ ಎಡತೋಳು. ಬ್ಯಾಂಡೇಜು ಟ್ರಾಲಿಗೆ ಹೆಂಗೆ ಬಂತು? ನಾನು ತೋಳು ಹೊಲಿಯೋಳು ಅಳಿಯಂದಿರೇ, ನನಗೆ ಎಡ ಬಲ ಗೊತ್ತಾಗತ್ತೆ."

ಬೆವರಿದೆ. ಬೇರೆ ದಾರಿಯಿರಲಿಲ್ಲ. "ಅದೇ ಅತ್ತೆ ರಹಸ್ಯ! ಸತ್ತ ಪ್ಯಾಸೆಂಜರ್ ಮುನ್ನೂರರ ಜೊತೆ ಸೇರಿ ಮುನ್ನೂರ ಒಂದನೇ ಆತ್ಮವಾಗಿ ಟ್ರಾಲಿಯ ಮೈಮೇಲೆ ಬಂದಿದ್ದಾನೆ!"

ಅತ್ತೆ ಎದ್ದು ಕೂತರು. ಮುಖ ಬಿಳಿಚಿತು.

"ನನ್ನ ಬ್ಯಾಗ್ ಕೊಡಿ. ಡಾಕ್ಟರು ಕಣ್ಣು ಮುಚ್ಚಿಕೊಂಡಿರಿ ಅಂದ್ರು. ಮುಚ್ಚಿದ್ರೆ ಬ್ರೆಡ್ಡು ತಿನ್ನೋ ಹೆಣ ಕಾಣತ್ತೆ. ನಮ್ಮನೇಲಿ ಮಿಷನ್ ಸದ್ದಿಗೆ ಯಾವ ದೆವ್ವಾನೂ ಹತ್ತಿರ ಸುಳಿಯಲ್ಲ!"

ನಾನು ಎಷ್ಟು ಗೋಗರೆದರೂ ಕೇಳಲಿಲ್ಲ. ಊಟಕ್ಕೆಂದು ಹೆಂಡತಿ ಮನೆಗೆ ಬಂದಾಗ ಬಾಗಿಲಲ್ಲಿ ಆಟೋ, ಆಟೋದ ಪಕ್ಕ ಅತ್ತೆ, ಅತ್ತೆಯ ಬ್ಯಾಗಿಗೆ ಜೋತುಬಿದ್ದ ನಾನು!

"ಏನಮ್ಮಾ ಇದು?"

ಅತ್ತೆ ಒಂದೇ ಉಸಿರಿಗೆ ಎಲ್ಲ ಹೇಳಿದರು. ಹೆಂಡತಿ ನನ್ನತ್ತ ತಿರುಗಿದಳು. ಆ ನೋಟದ ಮುಂದೆ ರಷ್ಯಾದ ಚಳಿ ಏನೂ ಅಲ್ಲ.

"ಅಮ್ಮಾ, ಅವರು ಮೂವರಲ್ಲ, ಒಬ್ಬನೇ! ಅಲ್ಲಿ ಒಬ್ಬನಿಗೇ ಪೂರ್ತಿ ಹೆಸರು ಒಂದು, ಮರ್ಯಾದೆಗೆ ಅಪ್ಪನ ಹೆಸರು ಸೇರಿಸಿ ಒಂದು, ಮುದ್ದಿಗೆ ಇನ್ನೊಂದು. ಅವನು ಸತ್ತೂ ಇಲ್ಲ. ಆತ್ಮ ಅಂದ್ರೆ ದೆವ್ವ ಅಲ್ಲ, ಜೀತದ ರೈತರು. ಜಮೀನಿನ ಜೊತೆ ಅವರನ್ನೂ ಮಾರ್ತಿದ್ರು. ನಾವು ತಲೆ ಲೆಕ್ಕ ಅಂತೀವಲ್ಲ, ಅಲ್ಲಿ ಆತ್ಮದ ಲೆಕ್ಕ. ಅದೂ ಗಂಡಸರದ್ದು ಮಾತ್ರ."

ಅತ್ತೆ ಬ್ಯಾಗಿನ ಹಿಡಿ ಸಡಿಲಿಸಿದರು. ಆಟೋದ ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು.

"ಹೆಂಗಸರು ಲೆಕ್ಕಕ್ಕೇ ಇಲ್ವಾ? ಆ ಮುನ್ನೂರು ಜನರ ಅಂಗಿ ಹೊಲಿದೋರು ಯಾರಂತೆ?" ಅವರ ದನಿ ಮೆತ್ತಗಾಗಿತ್ತು. "ಆಮೇಲೆ ಅವರಿಗೆಲ್ಲ ಬಿಡುಗಡೆ ಆಯ್ತಾ ಮಗಳೇ?"

"ಅದು ಆ ಸಣ್ಣ ಪುಸ್ತಕದಲ್ಲಿದೆ. ಎಲ್ಲಿ ರೀ ಅದು?"

ನಾನು ಒಳಗೆ ಹೋಗಿ ಮಂಡಿಯೂರಿ ಟೀಪಾಯಿಯ ಕಾಲಡಿಯಿಂದ ಇತಿಹಾಸವನ್ನು ಬಿಡುಗಡೆ ಮಾಡಿದೆ. ಟೀಪಾಯಿ ವಾಲಿತು. ಬೆಳಗಿನ ಕಾಫಿ ಲೋಟ ಉರುಳಿ ನೇರ ನನ್ನ ತಲೆಯ ಮೇಲೆ!

ಹಿಂದೆಯೇ ಬಂದಿದ್ದ ಅತ್ತೆ ಆಟೋ ಕಳಿಸಿಬಿಡಲು ಹೇಳಿ, ಬ್ಯಾಗನ್ನು ಮಂಚದಡಿ ತಳ್ಳಿ ಮಲಗಿದರು. ಕಣ್ಣು ಮುಚ್ಚಿ ಅಪ್ಪಣೆ ಕೊಟ್ಟರು: "ಇನ್ಮೇಲೆ ಓದೋದು ಮಗಳು, ಸಂಜೆ ಬಂದ ಮೇಲೆ. ಮೊದಲು ಸಣ್ಣದು, ಆಮೇಲೆ ದಪ್ಪದು. ಕಣ್ಣಿಗೆ ಔಷಧಿ ಹಾಕೋದು ಅಳಿಯಂದಿರು, ಬಾಯಿ ಮುಚ್ಚಿಕೊಂಡು."

ಔಷಧಿಯ ಸೀಸೆ ಹಿಡಿದು ನಿಂತೆ. ಕಾಫಿ ಇನ್ನೂ ಕಿವಿಯಿಂದ ತೊಟ್ಟಿಕ್ಕುತ್ತಿತ್ತು. ಅತ್ತೆ ಮುಚ್ಚಿದ ಕಣ್ಣಲ್ಲೇ ನಕ್ಕರು.

"ನೋಡು ಮಗಳೇ, ಇವರೂ ರಷ್ಯಾದವರೇ! ನಿನಗೆ 'ರೀ', ನನಗೆ 'ಅಳಿಯಂದಿರು', ಸ್ಟೇಷನ್ನಿನವರಿಗೆ 'ದಯವಿಟ್ಟು ಗಮನಿಸಿ'. ಇಷ್ಟು ಜನ ಇದ್ದೂ, ಒಬ್ಬರಾದ್ರೂ ಆ ಪುಸ್ತಕ ಓದಬಾರದಿತ್ತಾ!"